ಕತ್ತರಿ ಬಿದ್ದ ಜಾಗ

ಸಂಜೆ ಅಕ್ಕ ಹಾಡು ಕೇಳಲು ಬರುತ್ತಾಳೆ ಎಂಬ ಮಾತು ವಗೀಹನ ತಲೆಯಲ್ಲಿ ಹಲ್ಲಿನ ಸಂದಿಗೆ ಸಿಕ್ಕ ಮಾಂಸದ ನಾರಿನ ಹಾಗೆ ಕೂತಿತ್ತು. ಬೆಳಿಗ್ಗೆಯಿಂದ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು, ಬಿಡಿಸಲು ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಇನ್ಸಾಫ್ ಬೆಂದ ಎಲೆಕೋಸಿನ ಎಲೆಗಳನ್ನು ತೊಡೆಯ ಮೇಲಿನ ತಟ್ಟೆಯಲ್ಲಿ ಹರಡಿಕೊಂಡು, ಒಂದೊಂದಕ್ಕೂ ಚಿಟಿಕೆ ಅಕ್ಕಿ ಸೊಪ್ಪಿನ ಕಲಸು ಇಟ್ಟು, ಬೆರಳು ಗಾತ್ರದ ಸುರುಳಿ ಸುತ್ತಿ ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಕುಡಿಯುತ್ತಿದ್ದ ಎನ್ನುವುದೂ ಸುಳ್ಳು. ಲೋಟವನ್ನು ತುಟಿಗೆ ತಾಗಿಸಿಕೊಂಡು ನಿಂತಿದ್ದ.

"ನಿನಗೆ ತಲೆನೋವು ಬರುತ್ತೆ ಅಕ್ಕ. ಅದು ನಿನ್ನಂಥೋರು ಕೇಳೋ ಸಂಗೀತ ಅಲ್ಲ."

"ತಲೆನೋವು ಬರೋದಿದ್ರೆ ನಿನ್ನ ಜೊತೆ ಒಂದೇ ಮನೇಲಿ ಇಷ್ಟು ವರ್ಷ ಇದ್ದಿದ್ದಕ್ಕೇ ಬಂದಿರೋದು. ಹೊಸದಾಗಿ ಏನು ಬರುತ್ತೆ?" ಇನ್ಸಾಫ್ ತಲೆ ಎತ್ತಲಿಲ್ಲ. "ಮಗಳು ಕರೆದಿದಾಳೆ ಕಣೋ. ಆರು ತಿಂಗಳಿಂದ ನನ್ನ ಹತ್ರ ನೆಟ್ಟಗೆ ಎರಡು ಮಾತಾಡಿಲ್ಲ, ನಿನ್ನೆ ಬಂದು 'ಅಮ್ಮ, ಮಾಮನ ಹಾಡು ಕೇಳೋಕೆ ಬಾ' ಅಂದ್ಳು. ನರಕಕ್ಕೆ ಕರೆದಿದ್ರೂ ಹೋಗ್ತಿದ್ದೆ. ನಿನ್ನ ಡ್ರಮ್ಸಿನ ಗೆಳೆಯ ಹಾತಿಮ್‌ಗೂ ಒಂದು ಪಾತ್ರೆ ತರ್ತೀನಿ. ಈಗಲೂ ಹಂಗೇ ಬಕಬಕ ತಿಂತಾನಾ?"

ಅವಳ ದನಿ ತುಕ್ಕು ಹಿಡಿದ ಬಾಗಿಲನ್ನು ಎಳೆದ ಹಾಗಿತ್ತು. ಮೊದಲು ಹಾಗಿರಲಿಲ್ಲ. ಮದುವೆಗೆ ಮುಂಚೆ ಈ ಅಕ್ಕ ಮಹಡಿಯಲ್ಲಿ ಬಟ್ಟೆ ಹರವುತ್ತಾ ಹಾಡಿದರೆ ಎದುರು ಮನೆಯ ಗಂಡಸರು ಕಿಟಕಿ ತೆರೆದಿಟ್ಟುಕೊಳ್ಳುತ್ತಿದ್ದರು. ಗಂಡ ಶುಕ್ರಿ ಸತ್ತ ದಿನ ಗಂಟಲು ಹೋಯಿತು. ವಾರಗಟ್ಟಲೆ ಸೊಲ್ಲೇ ಹೊರಡಲಿಲ್ಲ. ಆಮೇಲೆ ಬಂದದ್ದು ಈ ದನಿ. ದುಃಖದ ಕಾವು ಏರಿ ಗಂಟಲು ಕಟ್ಟಿತು ಎಂದರು ಡಾಕ್ಟರು. ಇನ್ಸಾಫಳೂ ಹಾಗೇ ನಂಬಿದ್ದಾಳೆ. ಅವಳ ಕಿವಿಯಲ್ಲಿ ಆ ದಿನದ ಶಬ್ದವೇ ಇಲ್ಲ. ಫೋನು ಎತ್ತಿದ್ದು ಗೊತ್ತು, ಕಣ್ಣು ಬಿಟ್ಟಾಗ ತಮ್ಮ ವಗೀಹ್ ಮುಖಕ್ಕೆ ನೀರು ಚಿಮುಕಿಸುತ್ತಿದ್ದದ್ದು ಗೊತ್ತು. ನಡುವಿನದು ಖಾಲಿ.

ಆ ನಡುವಿನದು ಎಲ್ಲಿದೆ ಎಂದು ಲೋಕದಲ್ಲಿ ಒಬ್ಬನಿಗೇ ಗೊತ್ತಿತ್ತು. ಆ ಒಬ್ಬ ಈಗ ಆರಿದ ಚಹಾ ಹಿಡಿದುಕೊಂಡು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ.

ಹೊರಡಲು ಪಡಸಾಲೆಗೆ ಬಂದ. ಉದ್ದನೆಯ, ಕಿರಿದಾದ, ಬೆಳಕಿಲ್ಲದ ಪಡಸಾಲೆ. ನೆಲಕ್ಕೂ ಅರ್ಧ ಗೋಡೆಗೂ ಹಳೆಯ ಕಾಲದ ಟೈಲ್ಸು. ಇಲ್ಲಿ ಕೆಮ್ಮಿದರೆ ಯಾರೋ ನೆಲಮಾಳಿಗೆಯಲ್ಲಿ ಕೆಮ್ಮಿದಂತೆ ಕೇಳುತ್ತದೆ. ಮೂಲೆಯಲ್ಲಿ ಫೋನಿನ ಸ್ಟೂಲು ಇನ್ನೂ ಇದೆ. ಫೋನು ಹೋಗಿ ಎಷ್ಟೋ ಕಾಲವಾಯಿತು, ಈಗ ಅದರ ಮೇಲೆ ಈರುಳ್ಳಿ ಬುಟ್ಟಿ. ದಿನಾ ಇದರ ಪಕ್ಕದಲ್ಲೇ ಹೋಗುತ್ತಾನೆ, ದಿನಾ ಒಂದು ಹೆಜ್ಜೆ ಗೋಡೆಗೆ ಸರಿದುಕೊಂಡು ಹೋಗುತ್ತಾನೆ. ಅಕ್ಕನ ಮಗಳು ಶಹೀರಾ ಅಲ್ಲೇ ಬೂಟಿನ ದಾರ ಕಟ್ಟುತ್ತಿದ್ದಳು. ಕಪ್ಪು ಅಂಗಿ, ಕಣ್ಣಿಗೆ ಕಪ್ಪು, ಉಗುರಿಗೂ ಕಪ್ಪು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಹುಚ್ಚಿಗೆ ವಾರಕ್ಕೊಂದು ದಿನ ಹೀಗಾಗುತ್ತಾಳೆ.

"ಮಾಮ, ಇವತ್ತಾದ್ರೂ ಬಾಯಿ ಬಿಡು. ನಿನ್ನ ಹಾಡಿನ ಶುರುವಲ್ಲಿರೋ ಆ ಕಿರುಚಾಟ ಯಾವ ಸಿನಿಮಾದ್ದು?"

"ಹಳೇ ಇಟಲಿ ಸಿನಿಮಾ ಅಂದ್ನಲ್ಲ. ಹೆಸರು ಮರ್ತಿದೆ."

"ಇಟಲಿದು ನೂರಾರು ನೋಡಿ ಆಯ್ತು. ನಮ್ಮ ಗುಂಪಲ್ಲಿ ಎಲ್ಲರೂ ಹುಡುಕ್ತಿದಾರೆ. ಬೇರೆ ಎಲ್ಲಾ ಹಾಡಿನ ಶುರುವಿನ ತುಣುಕು ಯಾವ ದೆವ್ವದ ಸಿನಿಮಾದ್ದು ಅಂತ ಕಂಡುಹಿಡಿದ್ವಿ, ಇದೊಂದು ಸಿಕ್ತಿಲ್ಲ. ಕೊನೇಲಿ ಒಂದು ಗಂಡು ದನಿ ಗುರ್ ಅನ್ನುತ್ತಲ್ಲ, ಅದು ಸಾಕ್ಷಾತ್ ಸೈತಾನಂದು ಅಂತಾರೆ ಕೆಲವರು." ಅವಳು ನಕ್ಕಳು. ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಆದ್ರೆ ಆ ಹೆಂಗಸು ನಟನೆ ಮಾಡ್ತಿಲ್ಲ ಮಾಮ. ನನಗೆ ಗೊತ್ತಾಗುತ್ತೆ. ಒಳಗಿಂದ ಏನೋ ಕಿತ್ತು ಬಂದಿದೆ. ಅಪ್ಪ ಸತ್ತಾಗ ಅಮ್ಮನ ಬಾಯಿಂದ ಅಂಥದ್ದು ಒಂದು ಚೂರು ಬಂದಿದ್ರೂ ಸಾಕಿತ್ತು ಅಂತ ಅಜ್ಜಿ ಸಾಯೋ ತನಕ ಹೇಳ್ತಿದ್ಳು."

"ನಿಮ್ಮಜ್ಜಿ ಬಾಯಿಗೆ ಮಣ್ಣು ಹಾಕ."

"ಹಾಕಿ ಆಯ್ತಲ್ಲ," ಎಂದಳು ಶಹೀರಾ, ಬಾಗಿಲು ಎಳೆದುಕೊಂಡು ಹೋದಳು.

ಟ್ರಾಮಿನಲ್ಲಿ ಕೂರಲು ಜಾಗ ಸಿಕ್ಕಿದರೂ ನಿಂತೇ ಹೋದ. ಗಾಜಿನಲ್ಲಿ ತನ್ನ ಬೋಳು ಹಣೆ, ಅದರ ಹಿಂದೆ ಅಂಗಡಿಗಳು, ಎಲ್ಲೋ ಒಂದು ಸಂದಿಯಲ್ಲಿ ಸಮುದ್ರದ ಬೂದು ತುಂಡು. ಮುದುಕಿ ತಫೀದಾ ಸತ್ತದ್ದು ಹೋದ ಚಳಿಗಾಲ. ಶುಕ್ರಿಯ ತಾಯಿ. ಮಗನ ಹೆಣ ಮನೆಗೆ ಬಂದ ದಿನ ನಾಲ್ಕು ಬೀದಿಯ ಹೆಂಗಸರು ಸೇರಿ ಎದೆ ಬಡಿದುಕೊಂಡು ಕೂಗಿದರು. ಹಾಗೆ ಕೂಗಬಾರದೆಂದು ಮಸೀದಿಯ ಶೇಖ್ ಸಾಹೇಬರು ಹೊರಗಿಂದ ಗದರಿದಷ್ಟೂ ಒಳಗೆ ಕೂಗು ಏರಿತು. ಎಲ್ಲರಿಗಿಂತ ಎತ್ತರಕ್ಕೆ ಏರಬೇಕಾದದ್ದು ಹೆಂಡತಿಯ ದನಿ. ಎಲ್ಲರೂ ಅದಕ್ಕೇ ಕಿವಿ ಇಟ್ಟಿದ್ದರು. ಇನ್ಸಾಫ್ ನಡುವೆ ಬಾಯಿ ತೆರೆದುಕೊಂಡು ನಿಂತಿದ್ದಳು, ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. "ಕಲ್ಲು," ಎಂದಳು ತಫೀದಾ, ಎಲ್ಲರೆದುರಿಗೆ. "ನನ್ನ ಮಗ ಕಲ್ಲಿನ ಜೊತೆ ಸಂಸಾರ ಮಾಡಿದ." ಆ ಹೆಸರು ಅಂಟಿಕೊಂಡಿತು. ಹಬ್ಬಕ್ಕೆ ಹೋದರೆ 'ಕಲ್ಲು ಬಂದಳು'. ಮಗುವನ್ನು ಎತ್ತಿಕೊಂಡರೆ 'ಕಲ್ಲಿಗೂ ಹಾಲು ಬರುತ್ತಾ?' ಶಹೀರಾ ಇದನ್ನೇ ಉಂಡು ಬೆಳೆದಳು. ಕೊನೆಯ ವಾರ ಮುದುಕಿಯ ಹೇಲು ಉಚ್ಚೆ ಬಳಿದದ್ದು ಇನ್ಸಾಫ್. ಆದರೂ ಅವಳು ಚಮಚದಲ್ಲಿ ನೀರು ಹಿಡಿದಾಗ ಮುದುಕಿ ಹಲ್ಲಿಲ್ಲದ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡಳು. ವಗೀಹ್ ಮಂಚದ ಕಾಲ ಬಳಿಯೇ ಇದ್ದ. ಆಗ ಹೇಳಬಹುದಿತ್ತು. ಒಂದೇ ಮಾತು. ಮುದುಕಿಯ ಕಿವಿಗೆ ಮಾತ್ರ. ಅವನು ಏನು ಮಾಡಿದ? ಔಷಧಿ ತರುತ್ತೇನೆಂದು ಎದ್ದು ಹೋಗಿ ಬೀದಿಯಲ್ಲಿ ಎರಡು ಸಿಗರೇಟು ಸೇದಿ ಬಂದ.

ಮದುವೆ ಛತ್ರದಲ್ಲಿ ಮಧ್ಯಾಹ್ನ ಒಂದು ನಿಶ್ಚಿತಾರ್ಥ ಇತ್ತು. ಇದು ಅವನ ಹೊಟ್ಟೆಪಾಡು: ಸ್ಪೀಕರು, ಮೈಕು, ಯಾವ ಹಾಡಿಗೆ ಯಾರು ಕುಣಿಯುತ್ತಾರೋ ಆ ಹಾಡು. ಹುಡುಗಿಗೆ ಉಂಗುರ ತೊಡಿಸಿದ ಕೂಡಲೇ ಅವಳ ಅತ್ತೆಯರು ನಾಲಿಗೆ ಆಡಿಸಿ ಕೇಕೆ ಹಾಕಿದರು, ಒಬ್ಬಳಂತೂ ಮೈಕನ್ನೇ ಕಿತ್ತುಕೊಂಡು ಹಾಕಿದಳು. ಯಂತ್ರದಲ್ಲಿ ಶಬ್ದ ಅಳೆಯುವ ಮುಳ್ಳು ಕೆಂಪಿಗೆ ಹಾರಿತು. ವಗೀಹನ ಕೈ ತನ್ನಷ್ಟಕ್ಕೆ ಗುಂಡಿ ಹಿಡಿದು ಶಬ್ದ ಇಳಿಸಿತು. ಸಲೀಸಾಗಿ, ಯಾರಿಗೂ ತಿಳಿಯದ ಹಾಗೆ. ಆದರೂ ತಿಳಿಯಿತು.

"ಏನಯ್ಯಾ," ಎಂದ ಹುಡುಗಿಯ ದೊಡ್ಡಪ್ಪ, ಬೆವರು ಒರೆಸಿಕೊಳ್ಳುತ್ತಾ ಬಂದು. "ಹೆಂಗಸರು ಖುಷಿ ಪಟ್ಟರೆ ನಿನಗೇನು ಹೊಟ್ಟೆಕಿಚ್ಚು? ಅವಳ ಕುತ್ತಿಗೆ ಹಿಸುಕಿದ ಹಾಗೆ ಹಿಸುಕಿಬಿಟ್ಟೆಯಲ್ಲ."

"ಶಬ್ದ ಒಡೆಯುತ್ತೆ ಸಾರ್. ಸ್ಪೀಕರ್ ಹೋಗುತ್ತೆ."

"ಹೋಗ್ಲಿ! ನಿಮ್ಮಪ್ಪಂದಾ?"

ಸುತ್ತ ಇದ್ದವರು ನಕ್ಕರು. ವಗೀಹನೂ ನಕ್ಕ, ನಗುವುದು ಅವನ ಕೆಲಸದ ಒಂದು ಭಾಗ. ಒಳಗೆ ಮೈ ಉರಿಯಿತು, ಆದರೆ ದೊಡ್ಡಪ್ಪನ ಮೇಲಲ್ಲ. ತನ್ನ ಬಲಗೈಯ ಮೇಲೆ. ಈ ಕೈಗೆ ಅಪ್ಪಣೆ ಬೇಕಿಲ್ಲ, ಯೋಚನೆ ಬೇಕಿಲ್ಲ. ಹೆಂಗಸು ಬಾಯಿ ತೆರೆದರೆ ಸಾಕು, ಮೊದಲು ಅದು ಏಳುತ್ತದೆ, ಮನುಷ್ಯ ಆಮೇಲೆ.

ಶುಕ್ರಿ ಇನ್ನೂ ಇದ್ದ ಕಾಲದಲ್ಲಿ, ಬ್ಯಾಂಡಿನ ಗೆಳೆಯ ಹಾತಿಮನ ಮನೆಯಲ್ಲಿ ವಿಡಿಯೋ ಇತ್ತು. ಇಬ್ರಾಹಿಮಿಯಾ ಪೇಟೆಯ ಒಂದು ಅಂಗಡಿಯಿಂದ ದೆವ್ವದ ಸಿನಿಮಾಗಳ ಕ್ಯಾಸೆಟ್ ತರುತ್ತಿದ್ದರು. ಪ್ರತಿಯ ಪ್ರತಿಯ ಪ್ರತಿ. ಬಣ್ಣ ಬಿಟ್ಟು ರಕ್ತವೂ ಚಹಾದ ಹಾಗೆ ಕಾಣುತ್ತಿತ್ತು. ಅದರ ಮೇಲೆ ಸೆನ್ಸಾರಿನವರ ಕತ್ತರಿ ಬೇರೆ. ಹೆಂಗಸು ಮೇಣದಬತ್ತಿ ಹಿಡಿದು ಮೆಟ್ಟಿಲು ಇಳಿಯುತ್ತಾಳೆ, ಬತ್ತಿ ಆರುತ್ತದೆ, ಏನೋ ಉಸಿರಾಡುತ್ತದೆ, ಅವಳು ಬಾಯಿ ತೆರೆಯುತ್ತಾಳೆ, ಅಷ್ಟೇ. ಠಕ್ ಎಂದು ಬೆಳಗಾಗಿಬಿಡುತ್ತದೆ, ಪೊಲೀಸರು ಕಾಫಿ ಕುಡಿಯುತ್ತಾ ನಿಂತಿರುತ್ತಾರೆ. ಅಷ್ಟು ಸಿನಿಮಾ ನೋಡಿದರೂ ಒಂದೇ ಒಂದು ದೆವ್ವದ ಮುಖ ಪೂರ್ತಿ ನೋಡಿರಲಿಲ್ಲ, ಒಂದೇ ಒಂದು ಕಿರುಚಾಟ ಕೊನೆಮುಟ್ಟ ಕೇಳಿರಲಿಲ್ಲ. ಹೆವಿ ಮೆಟಲ್ ನುಡಿಸುವ ಬೇರೆ ದೇಶದವರು ನೋಡಿ ಹೆದರಿದ್ದನ್ನು ಹಾಡು ಮಾಡಿದರು. ಇವರು ನೋಡಲು ಸಿಗದ್ದನ್ನು ಮಾಡಿದರು. ಕತ್ತರಿ ಬಿದ್ದ ಜಾಗ ಬಂದಾಗ ಹಾತಿಮ್ ಕ್ಯಾಸೆಟ್ ನಿಲ್ಲಿಸುತ್ತಿದ್ದ, "ಈಗ ಒಳಗೆ ಏನಾಗ್ತಿದೆ? ನುಡಿಸು," ಎನ್ನುತ್ತಿದ್ದ, ವಗೀಹ್ ಗಿಟಾರ್ ಎತ್ತಿಕೊಳ್ಳುತ್ತಿದ್ದ. ದಪ್ಪ ತಂತಿಯ ಮೇಲೆ ಒಂದಕ್ಕೊಂದು ಒಗ್ಗದ ಎರಡೇ ಸ್ವರ, ಮೆಟ್ಟಿಲ ಮೇಲಿನ ಹೆಜ್ಜೆಯ ಹಾಗೆ, ಅವಸರವಿಲ್ಲದೆ. ಡ್ರಮ್ಸು ಬೇಗ ಬಂದರೆ ಕೆಟ್ಟಿತು. ಬಾಗಿಲು ತೆರೆಯುವುದಕ್ಕಿಂತ ತೆರೆಯದೆ ಇರುವುದು ಮುಖ್ಯ. ಇದನ್ನೆಲ್ಲ ಸಿನಿಮಾಗಳೇ ಕಲಿಸಿದ್ದು. ಪದಗಳು ಓಡುವವಳ ಬಾಯಲ್ಲಿ ಇರಬಾರದು, ಕಾಯುವವನ ಬಾಯಲ್ಲಿ ಇರಬೇಕು ಎಂಬುದು ಮಾತ್ರ ವಗೀಹನ ಸ್ವಂತ ಬುದ್ಧಿ. ಹಾಗೆ ಬರೆದದ್ದು 'ಪಕ್ಕದ ಕೋಣೆ'. 'ಗೋಡೆಯ ಆಚೆ ನಾನಿದ್ದೇನೆ, ನೀನು ಕೂಗುವುದನ್ನು ಕಾಯುತ್ತಿದ್ದೇನೆ, ಬರುವುದಿಲ್ಲ, ಬರುವುದಿಲ್ಲ.' ಇಪ್ಪತ್ತೆರಡರ ವಯಸ್ಸಿನಲ್ಲಿ ಇದನ್ನು ಬರೆದು ತಾನೇ ತಲೆದೂಗಿದ್ದ. ಹಾಡಿಗೆ, ಎಲ್ಲ ಮೆಟಲ್ ಬ್ಯಾಂಡಿನವರ ಹಾಡಿಗಿರುವ ಹಾಗೆ, ಮೊದಲ ಅರೆನಿಮಿಷ ಒಂದು ಸಿನಿಮಾದ ಶಬ್ದ ಬೇಕಿತ್ತು. ಕಿರುಚಾಟ. ಯಾವ ಕ್ಯಾಸೆಟ್ ಹಾಕಿದರೂ ಬಾಯಿ ತೆರೆಯುವ ತನಕ ಬಂದು ಬೆಳಗಾಗುತ್ತಿತ್ತು.

ಶುಕ್ರಿ ಆಗ ಬಂದರಿನಲ್ಲಿ ಹಡಗು ಎಳೆಯುವ ದೋಣಿಯ ಮೇಲೆ ಕೆಲಸ ಮಾಡುತ್ತಿದ್ದ. ತಾಯಿಯ ಮನೆಯಲ್ಲಿ ಜಾಗವಿಲ್ಲವೆಂದು ಹೆಂಡತಿ, ಎಳೆಗೂಸು ಕಟ್ಟಿಕೊಂಡು ಇದೇ ಮನೆಯಲ್ಲಿದ್ದ. ಒಳ್ಳೆಯವನು. "ದೆವ್ವ ಊಟಕ್ಕೆ ಏಳಪ್ಪ," ಎಂದು ಕರೆಯುತ್ತಿದ್ದ. ಆ ದಿನ ವಗೀಹ್ ತನ್ನ ಕೋಣೆಯಲ್ಲಿ ಕೂತು ಗಿಟಾರ್ ರೆಕಾರ್ಡ್ ಮಾಡುತ್ತಿದ್ದ. ನೆಲಮಾಳಿಗೆಯ ಗುಂಯ್ ಬೇಕೆಂದು ಸ್ಪೀಕರನ್ನೂ ಮೈಕನ್ನೂ ಪಡಸಾಲೆಯಲ್ಲಿಟ್ಟು ಬಾಗಿಲು ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡಿದ್ದ. ಒಂದು ಸಲ ನುಡಿಸಿ ನಿಲ್ಲಿಸಿದ. ಟೇಪು ಓಡುತ್ತಲೇ ಇತ್ತು. ಫೋನು ಹೊಡೆದುಕೊಂಡಿತು. ಅಕ್ಕನ ಚಪ್ಪಲಿ ಸದ್ದು. "ಹಲೋ... ಹೌದು, ಶುಕ್ರಿ ಹೆಂಡ್ತಿನೇ." ಆಮೇಲೆ ಕಿವಿಯ ಒಳಗೆ ಅದು ಬಂತು. ಹೊರಗಿನಿಂದ ಬಂತೆಂದು ಅನ್ನಿಸಲೇ ಇಲ್ಲ, ತಲೆಬುರುಡೆಯ ಒಳಗೇ ಹುಟ್ಟಿತು. ಮುಳ್ಳು ಕೆಂಪಿಗೆ ಹೋಗಿ ಬಡಿದುಕೊಳ್ಳುತ್ತಿತ್ತು. ವಗೀಹನ ಕೈ ಗುಂಡಿಗೆ ಹೋಗಿ ಇಳಿಸಿತು. ಶಬ್ದ ಒಡೆಯಬಾರದೆಂದು. ಮುಳ್ಳು ಹದಕ್ಕೆ ಬಂದು ನಿಂತು ನಡುಗಿತು, ಅವನು ಅದನ್ನೇ ನೋಡುತ್ತಾ ಕೂತ. ಆ ಶಬ್ದ ನಿಂತು, ಅವಳು ಉಸಿರು ಎಳೆದುಕೊಂಡಳಲ್ಲ, ಆಗ ಮಾತ್ರ ಅವನಿಗೆ ಇದು ಅಕ್ಕ ಎಂದು ಹೊಳೆಯಿತು. ಅಥವಾ ಮೊದಲೇ ಹೊಳೆದಿತ್ತು. ಇಷ್ಟು ವರ್ಷವಾದರೂ ಅದೊಂದು ತೀರ್ಮಾನವಾಗಿಲ್ಲ. ಬಾಗಿಲು ತೆಗೆದು ಓಡಿದಾಗ ಇನ್ಸಾಫ್ ಟೈಲ್ಸಿನ ಮೇಲೆ ಬಿದ್ದಿದ್ದಳು, ಫೋನು ದಾರದಲ್ಲಿ ತೂಗುತ್ತಿತ್ತು, ಅವಳು ಬಾಯಿ ತೆರೆದು ಅವನನ್ನು ನೋಡಿದಳು. ಅಷ್ಟರಲ್ಲಿ ಅವಳಲ್ಲಿ ಏನೂ ಉಳಿದಿರಲಿಲ್ಲ. ಇದ್ದದ್ದೆಲ್ಲ ಒಳಗೆ ಟೇಪಿನಲ್ಲಿ ಸುತ್ತಿಕೊಳ್ಳುತ್ತಿತ್ತು.

ಶುಕ್ರಿ ಸತ್ತ ನಲವತ್ತನೇ ದಿನದ ಪ್ರಾರ್ಥನೆ ಮುಗಿಯುವ ಮೊದಲು ಹಾಡು ಮುಗಿದಿತ್ತು. 'ಹಲೋ' ಎಂಬುದನ್ನು, 'ಶುಕ್ರಿ ಹೆಂಡ್ತಿನೇ' ಎಂಬುದನ್ನು ತಾನೇ ಕೂತು ಕತ್ತರಿಸಿ ಎಸೆದ. ಕೇಳಿದ ಹಾತಿಮ್ ಬಾಯಿ ಮೇಲೆ ಕೈ ಇಟ್ಟುಕೊಂಡ. "ಎಲ್ಲಿ ಸಿಕ್ತೋ ಇದು?" "ಕತ್ತರಿ ಬೀಳದ ಒಂದು ಪ್ರತಿ ಸಿಕ್ತು." ಅಲ್ಲಿಂದ ಸುಳ್ಳು ತನ್ನ ಕಾಲ ಮೇಲೆ ತಾನೇ ನಡೆಯಿತು. ಆ ಚಳಿಗಾಲ ಪೊಲೀಸರು ಮೆಟಲ್ ಕೇಳುವ ಕಪ್ಪು ಅಂಗಿಯ ಹುಡುಗರನ್ನು ಸೈತಾನನ ಭಕ್ತರೆಂದು ಮನೆಮನೆಯಿಂದ ಎತ್ತಿಕೊಂಡು ಹೋದರಲ್ಲ, ಆಗ ಇವರ ಮನೆಗೂ ಬಂದರು. ಕ್ಯಾಸೆಟ್ಟುಗಳನ್ನೆಲ್ಲ ಮಗುವಿನ ತೊಟ್ಟಿಲಿನ ಹಾಸಿಗೆಯಡಿ ತುರುಕಿ, ಮೇಲೆ ಶಹೀರಾಳನ್ನು ಮಲಗಿಸಿ, ಮಗು ಈಗಷ್ಟೇ ಕಣ್ಣು ಮುಚ್ಚಿದೆ ಎಂದು ಪೊಲೀಸರಿಗೆ ಕೈಸನ್ನೆ ಮಾಡಿದವಳು ಇನ್ಸಾಫ್. ಹಲ್ಲು ಹುಟ್ಟದ ಆ ಕೂಸು ತಾಯಿಯ ದನಿಯ ಮೇಲೆ ಮಲಗಿ ನಿದ್ದೆ ಮಾಡಿತು. ಪೊಲೀಸರು ಹೋದ ಮೇಲೆ ಅಕ್ಕ ಅವನ ಕೆನ್ನೆಗೆ ಒಂದು ಬಿಟ್ಟು, ಆಮೇಲೆ ತಬ್ಬಿಕೊಂಡಳು. ಆಗಲೂ ಹೇಳಬಹುದಿತ್ತು.

ಸಂಜೆ ಬ್ಯಾಂಡಿನ ಕಾರ್ಯಕ್ರಮಕ್ಕೆ ಸಿಕ್ಕ ಜಾಗ ಒಂದು ಮುಚ್ಚಿದ ಸಿನಿಮಾ ಮಂದಿರ. ಪರದೆಯನ್ನು ಬಿಚ್ಚಿ ಸುತ್ತಿ ಮೂಲೆಗೆ ಒರಗಿಸಿದ್ದರು. ಹೊರಗೆ ಇನ್ನೂ ಬಿಸಿಲಿತ್ತು, ಮೇಲಿನ ಗವಾಕ್ಷಿಯಿಂದ ಒಂದು ಕಂಬಿ ಬೆಳಕು ಹರಿದ ಕುರ್ಚಿಗಳ ಮೇಲೆ ಬಿದ್ದಿತ್ತು. ಜನ ಬರಲು ಹೊತ್ತಿತ್ತು. ಹಾತಿಮ್ ಈಗ ಟೈಲ್ಸ್ ಅಂಗಡಿ ಯಜಮಾನ. ಡ್ರಮ್ಸಿನ ಹಿಂದೆ ಅವನ ಹೊಟ್ಟೆ ಮೊದಲು ಕಾಣುತ್ತಿತ್ತು. ವಗೀಹ್ ಛತ್ರದಿಂದ ತಂದ ಹಳೆಯ ಸೌಂಡ್ ಮಿಕ್ಸರನ್ನು ಮೇಜಿನ ಮೇಲಿಟ್ಟು ವೈರು ಸಿಕ್ಕಿಸುತ್ತಾ, ಎತ್ತಲೋ ನೋಡಿಕೊಂಡು ಹೇಳಿದ.

"ಇವತ್ತು ಶುರುವಿನ ತುಣುಕು ಬೇಡ. ನೇರ ಗಿಟಾರಿಂದಲೇ ಹಿಡಿಯೋಣ."

"ಯಾಕೆ, ತಲೆ ಕೆಟ್ಟಿದೆಯಾ? ಜನ ಬರೋದೇ ಆ ಅರೆನಿಮಿಷಕ್ಕೆ ಕಣೋ. ನಿನ್ನ ಬೋಳುತಲೆ ನೋಡೋಕಲ್ಲ."

"ಟೇಪು ಹಾಳಾಗಿದೆ."

"ನನ್ನ ಫೋನಲ್ಲಿದೆ ಮಾಮ!" ಬಾಗಿಲ ಕಡೆಯಿಂದ ಶಹೀರಾ ಕೂಗಿದಳು. "ಚೊಕ್ಕ ಪ್ರತಿ. ಒಂದು ಗೊರಗೊರ ಇಲ್ಲ."

ಅವಳ ಹಿಂದೆ ಇನ್ಸಾಫ್, ಬಟ್ಟೆಯಲ್ಲಿ ಸುತ್ತಿದ ಪಾತ್ರೆ ಎದೆಗೆ ಅವಚಿಕೊಂಡು, ಕತ್ತಲಿಗೆ ಕಣ್ಣು ಕಿರಿದು ಮಾಡಿಕೊಂಡು ಬರುತ್ತಿದ್ದಳು. "ಹಾತಿಮ್, ಇದೇನೋ, ಯಾವ ತಿಂಗಳು ನಿನಗೆ?" ಎಂದಳು ಅವನ ಹೊಟ್ಟೆ ನೋಡಿ. "ಅವಳಿ ಅಕ್ಕ," ಎಂದ ಹಾತಿಮ್. ಅವಳು ನಗುತ್ತಾ ಮೂರನೇ ಸಾಲಿನಲ್ಲಿ ಕೂತಳು, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಶಹೀರಾ ಓಡಿ ಬಂದು ಮಿಕ್ಸರಿಗೆ ಫೋನು ಸಿಕ್ಕಿಸಿದಳು. ಅವಳ ಕಪ್ಪು ಉಗುರು ಗಾಜಿನ ಮೇಲೆ ಇಳಿಯುವುದನ್ನು ವಗೀಹ್ ನೋಡಿದ. ಆ ಕೈ ಹಿಡಿದುಕೊಳ್ಳಬಹುದಿತ್ತು. ಅವನು ಹಿಡಿದದ್ದು ಗುಂಡಿಯನ್ನು. ಇನ್ನೇನು ಮುಗಿಯಿತು ಅನ್ನುವಷ್ಟು ಕೆಳಗೆ ಇಳಿಸಿದ.

ದೂರದ ಬಾವಿಯಿಂದ ಬಂದ ಹಾಗೆ ಬಂತು.

"ಜೋರು ಮಾಡೋ!" ಹಾತಿಮ್ ಕೋಲಿನಿಂದ ತಟ್ಟಿದ. "ಇರುವೆ ಕಿರುಚಿದ ಹಾಗಿದೆ."

ಸ್ವಲ್ಪ ಏರಿಸಿದ. ಕಿರುಚಾಟ ಏರಿತು, ಏರಿದ ಕಡೆ ನಿಂತಿತು, ಬಿರಿಯಿತು, ಬಾಡಿತು. ಅದರ ಬಾಲಕ್ಕೆ ಆ ಗಂಡು ದನಿ ಎಲ್ಲೋ ಕೆಳಗಿನಿಂದ ಗುರ್ ಎಂದು ಹಾದುಹೋಯಿತು. ಮುಗಿಯಿತು. ವಗೀಹ್ ತಿರುಗಿ ನೋಡಿದ. ಇನ್ಸಾಫ್ ಪಾತ್ರೆಯ ಗಂಟನ್ನು ಸರಿಮಾಡುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲ! ಅವನಿಗೆ ಒಂದು ಕ್ಷಣ ಎದೆ ಹಗುರಾಯಿತು, ಮರುಕ್ಷಣ ತನ್ನ ಹಗುರಕ್ಕೇ ಹೇಸಿಗೆಯಾಯಿತು. ಆಗ ಅವಳು ಪಾತ್ರೆಯನ್ನು ಪಕ್ಕದ ಕುರ್ಚಿಗಿಟ್ಟು ಎದ್ದಳು. ಮೇಜಿನ ಹತ್ತಿರ ಬಂದಳು.

"ಇನ್ನೊಂದ್ಸಲ ಹಾಕು."

"ನೋಡಿದ್ಯಾ ಮಾಮ, ಅಮ್ಮನಿಗೂ ಹಿಡಿಸ್ತು!" ಶಹೀರಾ ಮತ್ತೆ ಒತ್ತಿದಳು.

ಇನ್ಸಾಫ್ ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಕೇಳಿದಳು. ಕಿರುಚಾಟ ಪೂರ್ತಿ ಮುಗಿಯಲಿ ಎಂದು ಕಾದಳು. ಬಾಲದ ದನಿ ಬಂದಾಗ ಬೆರಳೆತ್ತಿದಳು.

"ಇದು ಬಯೂಮಿ."

"ಯಾರಮ್ಮ?"

"ನಮ್ಮ ಬೀದೀಲಿ ಹಳೇ ಸಾಮಾನು ಕೊಳ್ಳೋಕೆ ಬರ್ತಿದ್ದ ಬಯೂಮಿ. ಕತ್ತೆಗಾಡಿ ತಳ್ಕೊಂಡು ಹಿಂಗೇ ಹೊಟ್ಟೆಯಿಂದ ಎಳೆದು ಕೂಗ್ತಿದ್ದ, ಕಿಟಕಿ ಗಾಜು ನಡುಗೋದು. ನೀನು ನಡೆಯೋಕೆ ಕಲಿಯೋ ಹೊತ್ತಿಗೆ ಸತ್ತ."

"ಅಯ್ಯೋ, ಸೈತಾನ ಹಳೇ ಸಾಮಾನಿನೋನಾ? ನಮ್ಮ ಗುಂಪಿನೋರಿಗೆ ಹೇಳಿದ್ರೆ..." ಶಹೀರಾಳ ನಗು ಅರ್ಧಕ್ಕೆ ನಿಂತಿತು. ಅವಳು ಮಾಮನ ಮುಖ ನೋಡಿದ್ದಳು. ಡ್ರಮ್ಸಿನ ಹಿಂದೆ ಹಾತಿಮನ ಕೋಲೂ ನಿಂತಿತು.

ಇನ್ಸಾಫ್ ತಮ್ಮನ ಕಡೆ ತಿರುಗಲಿಲ್ಲ. ಸ್ಪೀಕರನ್ನೇ ನೋಡುತ್ತಿದ್ದಳು, ಅದರೊಳಗೆ ಯಾರೋ ಕೂತಿರುವ ಹಾಗೆ.

"ಪಾಪ. ಇವಳ ಹತ್ರ ಯಾರೂ ಇರ್ಲಿಲ್ವಾ?"

ವಗೀಹ್ ಇಟಲಿ ಸಿನಿಮಾ ಎನ್ನಲು ಬಾಯಿ ತೆರೆದ. "ಇದ್ದ," ಎಂದ.

"ಎಲ್ಲಿ?"

"ಪಕ್ಕದ ಕೋಣೇಲಿ."

"ಬರ್ಲಿಲ್ವಾ?"

"ಬಂದ ಅಕ್ಕ."

"ಯಾವಾಗ?"

ಅವನ ಕೈ ಇನ್ನೂ ಗುಂಡಿಯ ಮೇಲೇ ಇತ್ತು. ಇನ್ಸಾಫ್ ಈಗ ತಿರುಗಿದಳು, ಆ ಕೈಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು.

"ನಾನು ಕಿರುಚಿದ್ನಾ?" ಎಂದಳು.

ಮಗು ಕೇಳಿದ ಹಾಗೆ ಕೇಳಿದಳು. ಬೈದಿದ್ದರೆ, ಚಪ್ಪಲಿ ತೆಗೆದುಕೊಂಡಿದ್ದರೆ, ಅವನಿಗೆ ಮೈ ಒಡ್ಡಿ ನಿಲ್ಲಲು ಬರುತ್ತಿತ್ತು.

"ಕಿರುಚಿದೆ ಅಕ್ಕ."

"ಇಷ್ಟು ಜೋರಾಗಿ?"

"ಇದಕ್ಕಿಂತ ಜೋರಾಗಿ. ನಾನು... ಇಳಿಸಿದೆ."

ಶಹೀರಾ ಹಿಂದೆ ಸರಿದಳು, ಬೆನ್ನಿಗೆ ಕುರ್ಚಿ ತಾಗಿ ನಿಂತಳು. ಇನ್ಸಾಫ್ ಮಗಳ ಕಡೆ ನೋಡಿ, ಮತ್ತೆ ತಮ್ಮನ ಕಡೆ ನೋಡಿದಳು. ದನಿ ಏರಲಿಲ್ಲ, ಏರುವ ದನಿ ಅವಳಲ್ಲಿರಲಿಲ್ಲ.

"ಆ ಮುದುಕಿ ನನ್ನ ಕೈ ನೀರು ಕುಡೀದೆ ಸತ್ತಳು. ಈ ಹುಡುಗಿ ನನ್ನ ಮುಖ ನೋಡ್ದೆ ಬೆಳೆದಳು. ನಾನೂ ಹಂಗೇ ಅಂದ್ಕೊಂಡಿದ್ದೆ ಕಣೋ, ನಾನು ಕಲ್ಲೇ ಇರಬೇಕು ಅಂತ. ಒಂದೊಂದ್ಸಲ ಬಾಗಿಲು ಹಾಕ್ಕೊಂಡು ಕಿರುಚೋಕೆ ನೋಡ್ತಿದ್ದೆ. ಬರ್ತಿರ್ಲಿಲ್ಲ. ಬರೋದಾದ್ರೂ ಎಲ್ಲಿಂದ, ನಿನ್ನ ಹತ್ರ ಇತ್ತು."

ಅವನು ಏನೋ ಹೇಳಿದ. ಕ್ಷಮಿಸು ಎಂದಿರಬೇಕು. ಯಾರಿಗೂ ಕೇಳಿಸಲಿಲ್ಲ, ಅವನಿಗೂ.

"ಇನ್ನೊಂದ್ಸಲ ಹಾಕು," ಎಂದಳು. "ಪೂರ್ತಿ ಏರಿಸು. ಇವಳು ಕೇಳ್ಲಿ."

"ಶಬ್ದ ಒಡೆಯುತ್ತೆ ಅಕ್ಕ."

"ಒಡೀಲಿ."

ಶಹೀರಾ ಒತ್ತಲಿಲ್ಲ. ವಗೀಹನೇ ಒತ್ತಿದ, ಗುಂಡಿಯನ್ನು ಕೊನೆಗೆ ತಿರುಗಿಸಿದ. ಹಳೆಯ ಮಂದಿರದ ಗೋಡೆಗೆ, ಸುತ್ತಿಟ್ಟ ಪರದೆಗೆ, ಹರಿದ ಕುರ್ಚಿಗಳಿಗೆ ಅದು ಹೋಗಿ ಬಡಿಯಿತು. ಸ್ಪೀಕರು ಗೊರಗೊರ ಎಂದು ಹರಿಯಿತು. ಮುಳ್ಳು ಕೆಂಪಿಗೆ ಹಾರಿ ಅಲ್ಲೇ ಬಡಿದುಕೊಳ್ಳತೊಡಗಿತು, ಅವನ ಕೈ ತನ್ನಷ್ಟಕ್ಕೆ ಇಳಿಸಲು ಹೋಯಿತು. ಇನ್ಸಾಫ್ ಎಲೆಕೋಸಿನ ವಾಸನೆಯ ತನ್ನ ಕೈಯನ್ನು ಅದರ ಮೇಲಿಟ್ಟು ಒತ್ತಿ ಹಿಡಿದಳು. ಸ್ಪೀಕರಿನ ಒಳಗಿದ್ದವಳು ಉಸಿರು ಎಳೆದುಕೊಳ್ಳುವ ತನಕ ಬಿಡಲಿಲ್ಲ.